ಚಿತ್ರಕ್ಕೂ ಮುಂಚೆ ಚಿತ್ರ

ಬಸ್ ಹೊರಡೋಕೆ ಇನ್ನೂ ಹತ್ತು ನಿಮಿಷ ಇದೆಯೆ? ಹಾಗಾದರೆ ಒಂದು ಸಣ್ಣ ಆಟ ಆಡೋಣ. ಕಣ್ಣು ಮುಚ್ಚಿ. (ಜೇಬಿನ ಮೇಲೆ ಒಂದು ಕೈ ಇರಲಿ!) ಮನಸ್ಸಿನಲ್ಲೇ 'ವಿಕ್ರಮ–ಬೇತಾಳ' ಅಂದುಕೊಳ್ಳಿ.

ಏನು ಕಂಡಿತು? ಅಮಾವಾಸ್ಯೆ ಕತ್ತಲೆ, ಬೋಳು ಮರ, ಕತ್ತಿ ಹಿಡಿದು ನಡೆಯುತ್ತಿರೋ ರಾಜ, ಹೆಗಲ ಮೇಲೆ ಜೋತುಬಿದ್ದ ಹೆಣ. ಅಲ್ಲವೆ? ನನಗೆ ಕಂಡದ್ದೂ ಅದೇ. ಪಕ್ಕದ ಸೀಟಿನವರನ್ನು ಕೇಳಿ ನೋಡಿ, ಅವರಿಗೂ ಅದೇ ಕಂಡಿರುತ್ತೆ. ಬೇತಾಳನ ಕಥೆಗೆ ಸಾವಿರ ವರ್ಷಕ್ಕೆ ಕಡಿಮೆಯಿಲ್ಲದ ವಯಸ್ಸು. ಯಾರು ಬೇಕಾದರೂ ಹೇಗೆ ಬೇಕಾದರೂ ಊಹಿಸಿಕೊಳ್ಳಬಹುದಿತ್ತು. ಆದರೂ ಇಷ್ಟು ಜನರ ತಲೆಯಲ್ಲಿ ಒಂದೇ ರಾಜ, ಒಂದೇ ನಡಿಗೆ, ಒಂದೇ ಹೆಣ ಬಂದು ಕೂತಿದೆ. ಕೂರಿಸಿದವರು ಒಬ್ಬರೇ ಒಬ್ಬರು. ಕೆ.ಸಿ. ಶಿವಶಂಕರನ್. 'ಚಂದಮಾಮ'ದಲ್ಲಿ ಶಂಕರ್ ಅಂತ ಸಹಿ ಹಾಕುತ್ತಿದ್ದರು. ಚಿತ್ರ ನೆನಪಿದೆ, ಸಹಿ ನೆನಪಿದೆಯೆ? ಪ್ರಾಮಾಣಿಕವಾಗಿ ಹೇಳಿ!

ನಮ್ಮ ಭಾಷೆಯಲ್ಲಿ ಒಂದು ಸೊಗಸಿದೆ. ಸಿನಿಮಾಕ್ಕೂ 'ಚಿತ್ರ' ಅಂತೀವಿ, ಕಾಗದದ ಮೇಲೆ ಬರೆದದ್ದಕ್ಕೂ 'ಚಿತ್ರ' ಅಂತೀವಿ. ಚಿತ್ರಮಂದಿರ, ಚಿತ್ರೋದ್ಯಮ, ಚಿತ್ರಕಥೆ, ಚಿತ್ರೀಕರಣ — ಎಲ್ಲ ಹೆಸರೂ ಕುಂಚದವನ ಮನೆಯಿಂದ ಎರವಲು ತಂದದ್ದು. ಬರೀ ಹೆಸರಾದರೆ ಹೋಗಲಿ ಅನ್ನಬಹುದಿತ್ತು. ಮುಖ, ಉಡುಪು, ಕಿರೀಟ, ಕಾಡು, ಕೊನೆಗೆ ಇಡೀ ಊರನ್ನೇ ಸಿನಿಮಾದವರು ಅಲ್ಲಿಂದ ಹೊತ್ತು ತಂದಿದ್ದಾರೆ. ಟೈಟಲ್ ಕಾರ್ಡಿನಲ್ಲಿ ಊಟ ತಂದುಕೊಟ್ಟವರ ಹೆಸರೂ ಇರುತ್ತೆ, ಇರಲೇಬೇಕು. ಆದರೆ ಆ ಪಾತ್ರಕ್ಕೆ ಮೊಟ್ಟಮೊದಲು ಮುಖ ಕೊಟ್ಟವನ ಹೆಸರು? ಹುಡುಕಿ, ಸಿಕ್ಕರೆ ನನಗೂ ಹೇಳಿ. ಈ ವಾರ ಅಂಥ ಕೆಲವರ ಸುದ್ದಿ.

ಮೊದಲು ಪರದೇಶದ್ದು, ಬೇಗ ಮುಗಿಸಿಬಿಡ್ತೀನಿ. 1891ರಲ್ಲಿ ಲಂಡನ್ನಿನ 'ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ ಷೆರ್ಲಾಕ್ ಹೋಮ್ಸ್ ಕಥೆಗಳು ಶುರುವಾದವು. ಕಥೆ ಕಾನನ್ ಡಾಯ್ಲ್ ಅವರದು, ಚಿತ್ರ ಸಿಡ್ನಿ ಪ್ಯಾಜೆಟ್ ಅವರದು. ಹೋಮ್ಸ್ ಅಂದೊಡನೆ ಮುಂದೂ ಹಿಂದೂ ಅಂಚಿರೋ, ಕಿವಿಪಟ್ಟಿಯನ್ನು ನೆತ್ತಿಯ ಮೇಲೆ ಕಟ್ಟಿದ ಬೇಟೆ ಟೋಪಿ ಕಣ್ಣಿಗೆ ಬರುತ್ತಲ್ಲ, ಆ ಟೋಪಿಯ ಹೆಸರನ್ನು ಡಾಯ್ಲ್ ಎಲ್ಲೂ ಬರೆದಿಲ್ಲ. ಒಂದು ಕಥೆಯಲ್ಲಿ ಬಟ್ಟೆ ಟೋಪಿ, ಇನ್ನೊಂದರಲ್ಲಿ ಕಿವಿ ಮುಚ್ಚುವ ಪ್ರಯಾಣದ ಟೋಪಿ ಅಂತಷ್ಟೇ ಬರೆದು ಬಿಟ್ಟರು. ತಲೆಗೆ ಸರಿಯಾಗಿ ತೊಡಿಸಿದವರು ಪ್ಯಾಜೆಟ್. 1939ರಲ್ಲಿ ಬೇಸಿಲ್ ರಾತ್‌ಬೋನ್ ಅದನ್ನೇ ಹಾಕಿಕೊಂಡು ಬೆಳ್ಳಿತೆರೆಗೆ ಬಂದರು. ಅಷ್ಟರಲ್ಲಿ ಪ್ಯಾಜೆಟ್ ತೀರಿಕೊಂಡು ಮೂವತ್ತೊಂದು ವರ್ಷ.

ಕಡಲ್ಗಳ್ಳರ ಕಥೆಯೂ ಹೀಗೇ. ತಲೆಗೆ ಕೆಂಪು ವಸ್ತ್ರ, ಸೊಂಟಕ್ಕೆ ಅಗಲದ ನಡುಪಟ್ಟಿ, ಅದರಲ್ಲಿ ಪಿಸ್ತೂಲು! ಅಸಲಿ ಕಡಲ್ಗಳ್ಳರು ಹೆಚ್ಚಿನಂಶ ಸಾಮಾನ್ಯ ನಾವಿಕರ ಹಾಗೇ ಉಟ್ಟುಕೊಂಡಿರುತ್ತಿದ್ದರು. ಈ ಥಳಕು ವೇಷ ಕಟ್ಟಿದವರು ಅಮೆರಿಕದ ಹೋವರ್ಡ್ ಪೈಲ್. ಅವರು 1911ರಲ್ಲಿ ತೀರಿಕೊಂಡರು. 1926ರಲ್ಲಿ ಡಗ್ಲಾಸ್ ಫೇರ್‌ಬ್ಯಾಂಕ್ಸ್ 'ದಿ ಬ್ಲ್ಯಾಕ್ ಪೈರೇಟ್' ತೆಗೆದಾಗ ಎದುರಿಗಿಟ್ಟುಕೊಂಡದ್ದು ಪೈಲ್ ಅವರ ಚಿತ್ರಗಳನ್ನೇ. ಅಲ್ಲಿಂದ ಇಲ್ಲಿಯವರೆಗೆ ತೆರೆಯ ಮೇಲಿನ ಕಡಲ್ಗಳ್ಳರೆಲ್ಲ ಅವರ ಮಕ್ಕಳು, ಮೊಮ್ಮಕ್ಕಳು. ಇನ್ನು 1933ರ 'ಕಿಂಗ್ ಕಾಂಗ್'ನ ಭಯಂಕರ ಕಾಡು? ಫ್ರಾನ್ಸಿನ ಗುಸ್ತಾವ್ ದೊರೆ ಅನ್ನುವ ಕಲಾವಿದ ಪುಸ್ತಕಗಳಿಗೆ ಬರೆದ ಕಾಡುಗಳಿಂದ ಕಲಿತದ್ದು. ಅವರು ಕಾಲವಾದದ್ದು 1883ರಲ್ಲಿ.

ಸತ್ತವರು ಸಂಭಾವನೆ ಕೇಳೋದಿಲ್ಲ. ನಿರ್ಮಾಪಕರಿಗೆ ಇದಕ್ಕಿಂತ ಅನುಕೂಲ ಬೇರೇನಿದೆ!

ಈಗ ನಮ್ಮ ಮನೆಗೆ ಬರೋಣ. ದೇವರ ಕೋಣೆಯಿಂದಲೇ ಶುರು.

ರಾಜಾ ರವಿವರ್ಮ (1848–1906) ಅಂದರೆ ಕೆಲವು ಕಲಾ ಪಂಡಿತರಿಗೆ ಮೂಗು ಮುರಿಯುವ ವಿಷಯ. 'ಕ್ಯಾಲೆಂಡರ್ ಕಲೆ' ಅಂತ ತಳ್ಳಿಬಿಡುತ್ತಾರೆ. ತಳ್ಳಲಿ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಅವರ ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಆ ಪಂಡಿತರು ಒಮ್ಮೆ ಲೆಕ್ಕ ಹಾಕಲಿ. ಆದರೆ ಅರಮನೆಯ ಚಿತ್ರ ಎಲ್ಲರ ಕಣ್ಣಿಗೆ ಬೀಳುವಂಥದ್ದಲ್ಲ. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದರು. ಆಮೇಲೆ ಅದು ಲೋನಾವಳದ ಕಡೆಗೆ ಹೋಯಿತು. ಅಲ್ಲಿಂದ ಹೊರಟ ಬಣ್ಣದ ಅಚ್ಚಿನ ಲಕ್ಷ್ಮಿ, ಸರಸ್ವತಿಯರು ಹಳ್ಳಿಹಳ್ಳಿಯ ಗೋಡೆ ಸೇರಿಕೊಂಡರು. ಕಮಲದ ಮೇಲೆ ನಿಂತ, ಕೆಂಪು ಸೀರೆಯುಟ್ಟ ಆ ಲಕ್ಷ್ಮಿಗೆ ಕುಂಕುಮ ಇಟ್ಟ ಅಜ್ಜಿಯಂದಿರಿಗೆ ಬರೆದವರ್ಯಾರು ಅನ್ನೋ ಪ್ರಶ್ನೆಯೇ ಹುಟ್ಟಲಿಲ್ಲ. ದೇವಿ ಇರೋದೇ ಹಾಗೆ!

ಆ ಅಚ್ಚುಕೂಟಕ್ಕೆ ಬ್ಲಾಕ್ ಕೆಲಸ ಮಾಡಿಕೊಡುತ್ತಿದ್ದ ಒಬ್ಬ ಮನುಷ್ಯನಿದ್ದ. ಕಲಾಶಾಲೆಯಲ್ಲಿ ಓದಿದವನು, ಫೋಟೋ ತೆಗೆಯೋದು ಗೊತ್ತು, ಜಾದೂ ಕೂಡ ಗೊತ್ತು. ಹೆಸರು ಧುಂಡಿರಾಜ ಗೋವಿಂದ ಫಾಲ್ಕೆ. ಹೌದು, ಅದೇ ದಾದಾಸಾಹೇಬ್ ಫಾಲ್ಕೆ. 1913ರಲ್ಲಿ ಅವರು 'ರಾಜಾ ಹರಿಶ್ಚಂದ್ರ' ತೆಗೆದಾಗ, ರಾಜ ಹೇಗೆ ನಿಲ್ಲಬೇಕು, ರಾಣಿ ಸೆರಗು ಹೇಗೆ ಹೊದೆಯಬೇಕು, ಋಷಿಯ ಗಡ್ಡ ಎಷ್ಟುದ್ದ ಅಂತ ಯಾರನ್ನು ಕೇಳಬೇಕಿತ್ತು? ಉತ್ತರ ಅಚ್ಚುಕೂಟದಲ್ಲೇ ಸಿಕ್ಕಿತ್ತು. ಪ್ರೇಕ್ಷಕನಿಗೂ ಗುರುತು ಹಿಡಿಯೋದು ಕಷ್ಟವಾಗಲಿಲ್ಲ. ಮನೆಯ ಗೋಡೆಯ ಮೇಲೆ ನಿಂತಿದ್ದವರು ಇಲ್ಲಿ ಓಡಾಡುತ್ತಿದ್ದರು, ಅಷ್ಟೆ. ನಮ್ಮ ಪೌರಾಣಿಕ ಚಿತ್ರಗಳ ಗತ್ತು, ಅರಮನೆಯ ಕಂಬ, ತೆರೆಚೀಲೆ, ಒಡವೆ ಇವಕ್ಕೆಲ್ಲ ನಾಟಕದ ಕಂಪನಿಗಳ ಋಣ ಒಂದು ಪಾಲು, ರವಿವರ್ಮರ ಋಣ ಇನ್ನೊಂದು ಪಾಲು. ಮೂಗು ಮುರಿಯುವವರು ಈ ಲೆಕ್ಕವನ್ನೂ ಬರೆದುಕೊಳ್ಳಲಿ.

ಈಗ ಮತ್ತೆ ಬೇತಾಳ. ಅವನನ್ನು ಹೆಗಲ ಮೇಲೆ ಅರ್ಧ ದಾರಿಯಲ್ಲೇ ಬಿಟ್ಟು ಬಂದಿದ್ದೆವಲ್ಲ!

1947ರ ಜುಲೈ ತಿಂಗಳು, ಸ್ವಾತಂತ್ರ್ಯ ಬರೋದಕ್ಕೆ ಒಂದು ತಿಂಗಳಿಗೆ ಮುಂಚೆ, ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಒಂದು ಮಕ್ಕಳ ಪತ್ರಿಕೆ ಹೊರಟಿತು. ಎರಡು ವರ್ಷದಲ್ಲಿ ಕನ್ನಡಕ್ಕೂ ಬಂತು. ಅದೇ 'ಚಂದಮಾಮ'. ಮಾಲೀಕರು ಯಾರು? ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ಹಳೇ ಚಿತ್ರರಸಿಕರ ಕಿವಿ ನೆಟ್ಟಗಾಗಿರಬೇಕು. ವಿಜಯಾ ಸಂಸ್ಥೆಯವರು, 'ಪಾತಾಳ ಭೈರವಿ' (1951), 'ಮಾಯಾಬಜಾರ್' (1957) ತೆಗೆದವರು! ಒಂದೇ ಯಜಮಾನರು, ಒಂದು ಕೈಯಲ್ಲಿ ಮಕ್ಕಳ ಪತ್ರಿಕೆ, ಇನ್ನೊಂದು ಕೈಯಲ್ಲಿ ಸ್ಟುಡಿಯೊ. ಪತ್ರಿಕೆಯಲ್ಲಿ ರಾಕ್ಷಸ, ಸ್ಟುಡಿಯೊದಲ್ಲೂ ರಾಕ್ಷಸ. 'ಮಾಯಾಬಜಾರ್'ನ ಕಲಾ ನಿರ್ದೇಶಕರು ಗೋಖಲೆ ಮತ್ತು ಕಲಾಧರ್. ಅವರ ದ್ವಾರಕೆಯನ್ನೂ 'ಚಂದಮಾಮ'ದ ಯಾವುದೋ ರಾಜಧಾನಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಊರಿನ ಎರಡು ಬೀದಿ ಅನ್ನಿಸುತ್ತದೆ. ಇದು ನನ್ನ ಕಣ್ಣಿನ ಮಾತು. ಒಪ್ಪದವರು ಒಪ್ಪದಿರಲಿ.

ಆ ಪತ್ರಿಕೆಯ ಚಿತ್ರ ವಿಭಾಗ ಅಂದರೆ ದಿಗ್ಗಜರ ಸಾಲು. ಮುಖಪುಟಕ್ಕೆ ವಡ್ಡಾದಿ ಪಾಪಯ್ಯ, ಮನೆಮಾತಾಗಿ 'ವಪಾ'. ಒಳಪುಟಗಳಲ್ಲಿ 'ಚಿತ್ರಾ', ಶಂಕರ್. ನಮ್ಮ ಕನ್ನಡಿಗರು ಎಂ.ಟಿ.ವಿ. ಆಚಾರ್ಯ ಕೂಡ ಅಲ್ಲಿದ್ದವರೇ. ಅವರು ಬರೆದ ಮಹಾಭಾರತದ ಮುಖಪುಟಗಳನ್ನು ಕತ್ತರಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮನೆಗಳಿದ್ದವು. ಆಮೇಲೆ ಅವರು ಬೆಂಗಳೂರಿಗೆ ಬಂದು ಅಂಚೆಯ ಮೂಲಕ ಚಿತ್ರ ಬರೆಯೋದು ಹೇಳಿಕೊಟ್ಟರು. ಪಾಠ ಅಂಚೆಯಲ್ಲಿ ಬರೋದು, ಬರೆದದ್ದು ಅಂಚೆಯಲ್ಲಿ ಹೋಗೋದು! ಮೇಷ್ಟರ ಮುಖ ನೋಡದೇ ಭೀಮನ ತೋಳು ತಿದ್ದಿಸಿಕೊಂಡ ಹುಡುಗರು ಎಷ್ಟೋ.

ಶಂಕರ್ 'ಚಂದಮಾಮ' ಸೇರಿದ್ದು 1952ರಲ್ಲಿ. ತಿಂಗಳ ಸಂಬಳದ ಕಲಾವಿದ. ಬರೆದದ್ದು ಪತ್ರಿಕೆಯ ಸ್ವತ್ತು. ತಿಂಗಳು ತಿಂಗಳು ಅದೇ ರಾಜ, ಅದೇ ಹೆಣ, ಕಥೆ ಮಾತ್ರ ಬೇರೆ. ಬೇಜಾರಾಗಲಿಲ್ಲವೆ ಅಂತ ಕೇಳಬೇಕೆನ್ನಿಸುತ್ತೆ. ಪುಟಗಳನ್ನು ನೋಡಿದರೆ ಬೇಜಾರಿನ ಸುಳಿವೇ ಇಲ್ಲ. ಹಿಂದೆ ನಿಂತ ಸೇವಕನ ಮುಂಡಾಸಿಗೂ ಒಂದು ಮಡಿಕೆ ಇದೆ, ಮೂಲೆಯ ಹೂಜಿಗೂ ಒಂದು ನೆರಳಿದೆ. 1985ರಲ್ಲಿ ರಾಮಾನಂದ ಸಾಗರ್ ದೂರದರ್ಶನಕ್ಕೆ 'ವಿಕ್ರಮ್ ಔರ್ ಬೇತಾಳ್' ತೆಗೆದರು. ಅರುಣ್ ಗೋವಿಲ್ ರಾಜ. ಮಕ್ಕಳು ಕುಣಿದಾಡಿ ನೋಡಿದರು. ಆದರೂ ಹೇಳ್ತೀನಿ, ಒಳ್ಳೇ ನಟ, ಒಳ್ಳೇ ಮುಖ, ಬೇತಾಳನೂ ಜೋರು... ಆ ಮಸಿಯ ಗೆರೆಯ ಭಯ ಮಾತ್ರ ಹುಟ್ಟಲಿಲ್ಲ. ಕಾಗದದ ಬೇತಾಳ ಅಲುಗಾಡುವುದಿಲ್ಲ, ಈಗ ಅಲುಗಾಡ್ತಾನೇನೋ ಅನ್ನಿಸುತ್ತೆ. ಭಯ ಇರೋದು ಅಲ್ಲಿ.

'ಚಂದಮಾಮ' 2013ರ ಹೊತ್ತಿಗೆ ನಿಂತೇಹೋಯಿತು. ಶಂಕರ್ 2020ರ ಸೆಪ್ಟೆಂಬರಿನಲ್ಲಿ ಕಣ್ಣು ಮುಚ್ಚಿದರು, ತೊಂಬತ್ತು ದಾಟಿದ ವಯಸ್ಸು. ಮರುವರ್ಷ ಪದ್ಮಶ್ರೀ ಬಂತು. ಬೇತಾಳನ ಕಥೆಯ ಹಾಗೇ, ಉತ್ತರ ಹೇಳುವ ಹೊತ್ತಿಗೆ ಹೆಗಲು ಖಾಲಿ.

ಇವರೆಲ್ಲ ಸಿನಿಮಾದ ಪಕ್ಕದಲ್ಲಿ ಕೂತು ಬರೆದವರು. ಕಥೆಗೆ ಚಿತ್ರ ಬರೆಯುತ್ತಿದ್ದವನು ತಾನೇ ಎದ್ದು ಬಂದು ಕ್ಯಾಮೆರಾ ಹಿಂದೆ ನಿಂತರೆ? ಅಂಥವರು ಇಬ್ಬರನ್ನು ಹೇಳ್ತೀನಿ.

ಕಲ್ಕತ್ತೆ, 1943. ಡಿ.ಜೆ. ಕೀಮರ್ ಅನ್ನೋ ಜಾಹೀರಾತು ಕಂಪನಿಗೆ ಆರಡಿ ಮೀರಿದ ಒಬ್ಬ ಹುಡುಗ ಕೆಲಸಕ್ಕೆ ಸೇರಿದ. ಸಂಬಳ ತಿಂಗಳಿಗೆ 80 ರೂಪಾಯಿ. ತಾತ ಉಪೇಂದ್ರಕಿಶೋರ್ ಚಿತ್ರ ಬರೆಯುತ್ತಿದ್ದವರು, ಬ್ಲಾಕ್ ಮಾಡೋ ವಿದ್ಯೆಯಲ್ಲಿ ದೇಶಕ್ಕೇ ಮೊದಲಿಗರಲ್ಲೊಬ್ಬರು. ಅವರು 'ಸಂದೇಶ್' ಅನ್ನೋ ಮಕ್ಕಳ ಪತ್ರಿಕೆ ಶುರುಮಾಡಿದ್ದು 1913ರಲ್ಲಿ, ಫಾಲ್ಕೆ ಹರಿಶ್ಚಂದ್ರನನ್ನು ತಂದ ವರ್ಷವೇ! ಅಪ್ಪ ಸುಕುಮಾರ್ ಕೂಡ ತಮ್ಮ ಪದ್ಯಕ್ಕೆ ತಾವೇ ಚಿತ್ರ ಬರೆದುಕೊಂಡವರು. ಹುಡುಗ ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರ ಕೈಕೆಳಗೆ ಕಲಿತು ಬಂದಿದ್ದ. ಹೆಸರು ಸತ್ಯಜಿತ್ ರಾಯ್ ಅಂತ ನೀವು ಆಗಲೇ ಊಹಿಸಿರುತ್ತೀರಿ.

ಕೀಮರ್ ಕೆಲಸದ ಜೊತೆಗೇ ಸಿಗ್ನೆಟ್ ಪ್ರೆಸ್ ಅನ್ನೋ ಪ್ರಕಾಶನದ ಪುಸ್ತಕಗಳಿಗೆ ರಕ್ಷಾಪುಟ, ಚಿತ್ರ ಬರೆಯೋದು. ಅವರು ಒಂದು ಸಲ ವಿಭೂತಿಭೂಷಣರ 'ಪಥೇರ್ ಪಾಂಚಾಲಿ' ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯಲು ಕೊಟ್ಟರು. ನೋಡಿ, ಇದೇ ಜಾಗ. ಚಿತ್ರ ಬರೆಯೋನು ಕಾದಂಬರಿಯನ್ನು ಓದುವ ರೀತಿಯೇ ಬೇರೆ. ಮುಂದೇನಾಗುತ್ತೆ ಅಂತ ಓಡೋದಿಲ್ಲ. ಈ ಮನೆಯ ಬಾಗಿಲು ಯಾವ ಕಡೆ, ಅಜ್ಜಿ ಕೂತದ್ದೆಲ್ಲಿ, ಬೆಳಕು ಎಲ್ಲಿಂದ ಬೀಳುತ್ತೆ ಅಂತ ನಿಂತು ನಿಂತು ಓದಬೇಕು. ಅಪು, ದುರ್ಗಾರನ್ನು ರಾಯ್ ಹಾಗೆ ಕಾಗದದ ಮೇಲೆ ಮೊದಲು ಕಂಡರು. ಇದನ್ನು ಸಿನಿಮಾ ಮಾಡಬೇಕು ಅನ್ನೋ ಹುಳ ತಲೆಗೆ ಹೊಕ್ಕದ್ದು ಆಗಲೇ.

ಮುಂದಿನ ಕಷ್ಟ ಎಲ್ಲರಿಗೂ ಗೊತ್ತಿರೋದೇ. ಹಾಡಿಲ್ಲ, ಕುಣಿತವಿಲ್ಲ, ಹಣ ಹಾಕೋರೂ ಇಲ್ಲ. ಬೇರೆಯವರು ಕಟ್ಟುಗಟ್ಟಲೆ ಚಿತ್ರಕಥೆ ಹಿಡಿದು ಹೋದರೆ ಈ ಮಹಾನುಭಾವರ ಕೈಯಲ್ಲಿ ಇದ್ದದ್ದು ಚಿತ್ರ ಬರೆದ ಒಂದು ಪುಸ್ತಕ. ಸಂಪೂರ್ಣ ಚಿತ್ರಕಥೆ ಅಂತ ಇರಲೇ ಇಲ್ಲ. ಒಂದೊಂದು ಶಾಟೂ ಪೆಟ್ಟಿಗೆ ಪೆಟ್ಟಿಗೆಯಾಗಿ ಮಸಿಯಲ್ಲಿ ಬರೆದಿತ್ತು. ನಿರ್ಮಾಪಕರಿಗೆ ತೋರಿಸುತ್ತಾ ಅಲೆದರು. 1952ರ ಅಕ್ಟೋಬರಿನಲ್ಲಿ ಕಾಶ ಹುಲ್ಲಿನ ಬಯಲಿನಲ್ಲಿ ಮೊದಲ ದಿನದ ಚಿತ್ರೀಕರಣವಾಯಿತು. ಮುಂದಿನ ವಾರ ಹೋದರೆ ಹೂವನ್ನೆಲ್ಲ ದನ ಮೇಯ್ದುಬಿಟ್ಟಿತ್ತು! ಮತ್ತೆ ಹೂ ಬಿಡಲಿ ಅಂತ ಒಂದು ವರ್ಷ ಕಾದರು. ಬರೆದಿಟ್ಟ ಚಿತ್ರಕ್ಕೆ ಹೊಂದಬೇಕಲ್ಲ, ಬೇರೆ ಬಯಲು ಆಗದು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ದುಡ್ಡು ಕೊಟ್ಟು, 1955ರ ಆಗಸ್ಟಿನಲ್ಲಿ ತೆರೆ ಕಂಡಿತು. ಆ ಚಿತ್ರಗಳ ಪುಸ್ತಕವನ್ನು ರಾಯ್ ಪ್ಯಾರಿಸ್ಸಿನ ಸಿನಿಮಾ ಸಂಗ್ರಹಾಲಯಕ್ಕೆ ಕೊಟ್ಟರು. 2016ರಲ್ಲಿ ಅದು ಅಚ್ಚಾಗಿ ಬಂತು. ಕೈಗೆ ಸಿಕ್ಕರೆ ಬಿಡಬೇಡಿ.

ದೊಡ್ಡವರಾದ ಮೇಲೂ ರಾಯ್ ಪೋಸ್ಟರು, ಟೈಟಲಿನ ಅಕ್ಷರ, ಉಡುಪು ಎಲ್ಲ ತಾವೇ ಬರೆದರು. ತಾತನ 'ಸಂದೇಶ್' ನಿಂತುಹೋಗಿತ್ತು, 1961ರಲ್ಲಿ ಮತ್ತೆ ಹೊರಡಿಸಿ ಅದಕ್ಕೂ ಚಿತ್ರ ಬರೆದರು.

ಇನ್ನೊಬ್ಬರು ನಮ್ಮ ಪಕ್ಕದ ಮನೆಯವರು, ತೆಲುಗಿನ ಬಾಪು. ಪೂರ್ತಿ ಹೆಸರು ಸತ್ತಿರಾಜು ಲಕ್ಷ್ಮೀನಾರಾಯಣ. ಕಾನೂನು ಓದಿ ಕರಿ ಕೋಟು ಹಾಕದೆ ಕರಿ ಮಸಿ ಹಿಡಿದವರು. ವಾರಪತ್ರಿಕೆಗಳಿಗೆ ಅವರು ಬರೆದ ಹೆಣ್ಣು, ದೊಡ್ಡ ಕಣ್ಣು, ಉದ್ದ ಜಡೆ, ನಾಲ್ಕೇ ಗೆರೆಯಲ್ಲಿ ಮುಗಿದುಹೋದ ಸೆರಗು, ಎಷ್ಟು ಜನಪ್ರಿಯವೆಂದರೆ ತೆಲುಗರಲ್ಲಿ ಚೆಲುವೆಗೆ 'ಬಾಪು ಬೊಮ್ಮ' ಅನ್ನೋ ಮಾತೇ ಹುಟ್ಟಿತು. ಅವರ ಕೈಬರಹ ಕೂಡ ಅಚ್ಚಿನ ಅಕ್ಷರವಾಯಿತು. 1967ರಲ್ಲಿ 'ಸಾಕ್ಷಿ'ಯಿಂದ ನಿರ್ದೇಶಕರಾದರು. ಗೆಳೆಯ ಮುಳ್ಳಪೂಡಿ ವೆಂಕಟರಮಣ ಬರೆಯೋದು, ಇವರು ಒಂದೊಂದು ದೃಶ್ಯವನ್ನೂ ಚಿತ್ರವಾಗಿ ಬರೆದಿಟ್ಟುಕೊಂಡು ಸೆಟ್ಟಿಗೆ ಹೋಗೋದು.

ಕನ್ನಡದ ನಂಟೂ ಇದೆ. ನಮ್ಮ ಪುಟ್ಟಣ್ಣನವರ 'ಪಡುವಾರಳ್ಳಿ ಪಾಂಡವರು' (1978) ನೋಡಿ ಅದನ್ನು ತೆಲುಗಿನಲ್ಲಿ 'ಮನ ಊರಿ ಪಾಂಡವುಲು', ಹಿಂದಿಯಲ್ಲಿ 'ಹಮ್ ಪಾಂಚ್' (1980) ಮಾಡಿದವರು ಬಾಪು ಅವರೇ.

'ಸೀತಾ ಕಲ್ಯಾಣಂ' (1976) ಲಂಡನ್ನಿನ ಚಿತ್ರೋತ್ಸವಕ್ಕೆ ಹೋಯಿತು. ಅದನ್ನು ನೋಡುವಾಗ ಪ್ರತಿ ಫ್ರೇಮಿಗೂ ಕಟ್ಟು ಹಾಕಿಸಬೇಕು ಅನ್ನಿಸುತ್ತದೆ. ನನ್ನ ತಕರಾರು ಇರೋದೂ ಅಲ್ಲೇ. ಕೆಲವು ಕಡೆ ಫ್ರೇಮು ಎಷ್ಟು ಚೆಂದವೆಂದರೆ ಕಥೆ ಅಲ್ಲೇ ನಿಂತು ತಾನೂ ನೋಡುತ್ತಿರುತ್ತೆ! ರಾಯ್ ಸೆಟ್ಟಿಗೆ ಬಂದೊಡನೆ ತಮ್ಮೊಳಗಿನ ಚಿತ್ರಕಾರನನ್ನು ಹೊರಗೆ ಬೆಂಚಿನ ಮೇಲೆ ಕೂರಿಸುತ್ತಿದ್ದರು, ಬಾಪು ಕೈ ಹಿಡಿದು ಒಳಗೆ ಕರಕೊಂಡು ಬರುತ್ತಿದ್ದರು. ಯಾರು ಸರಿ ಅಂತ ಜಗಳ ಬೇಡ. 2014ರ ಆಗಸ್ಟಿನಲ್ಲಿ ಬಾಪು ಹೋದಾಗ ತೆಲುಗು ಪತ್ರಿಕೆಯವರೂ ಸಿನಿಮಾದವರೂ ಸೇರಿ ಅತ್ತರು. ಎರಡು ಮನೆಯವರು ಅಳುವ ಭಾಗ್ಯ ಎಷ್ಟು ಜನಕ್ಕಿದೆ?

ಕೊನೆಗೆ ನಮ್ಮ ಮೈಸೂರು. ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ. ಮುಂಬಯಿಯ ಹೆಸರಾಂತ ಕಲಾಶಾಲೆ ಜೆ.ಜೆ. ಸ್ಕೂಲಿಗೆ ಅರ್ಜಿ ಹಾಕಿದರೆ, ನಿಮ್ಮಲ್ಲಿ ಸಾಕಷ್ಟು ಪ್ರತಿಭೆ ಇಲ್ಲ ಅಂತ ಉತ್ತರ ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ. ಸರಿ, ಮಹಾರಾಜಾ ಕಾಲೇಜಿನಲ್ಲಿ ಓದುತ್ತಲೇ ಅಣ್ಣ ಆರ್.ಕೆ. ನಾರಾಯಣ್ 'ಹಿಂದೂ' ಪತ್ರಿಕೆಗೆ ಬರೆಯುತ್ತಿದ್ದ ಕಥೆಗಳಿಗೆ ಚಿತ್ರ ಬರೆದರು. ರಾಶಿಯವರ 'ಕೊರವಂಜಿ'ಗೂ ಬರೆದರು. ಆಮೇಲಿನ 'ಶ್ರೀಸಾಮಾನ್ಯ'ನ ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಒಂದು ಹೇಳಲೆ? ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ 'ಮಿಸ್ಟರ್ ಅಂಡ್ ಮಿಸೆಸ್ 55'ರಲ್ಲಿ (1955) ವ್ಯಂಗ್ಯಚಿತ್ರಕಾರನ ಪಾತ್ರ ಮಾಡಿದರಲ್ಲ, ಅಲ್ಲಿ ಚಿತ್ರ ಬರೆಯೋ ಕೈ ಲಕ್ಷ್ಮಣ್ ಅವರದು! ಮುಖ ಗುರುದತ್ತರದು, ಕೈ ಮೈಸೂರಿನದು.

ನಾರಾಯಣ್ ಅವರ ಮಾಲ್ಗುಡಿ ಭೂಪಟದಲ್ಲಿಲ್ಲ. ಅದು 1935ರಲ್ಲಿ ಬಂದ ಪುಸ್ತಕದ ಊರು. ಆ ಊರಿನ ಜಟಕಾ, ಜಗಲಿ, ಕೊಡೆ, ಪಂಚೆಗಳನ್ನು ಕಣ್ಣಿಗೆ ಕಾಣಿಸಿದ್ದು ತಮ್ಮನ ಗೆರೆ. ಶಂಕರ್‌ನಾಗ್ 1986ರಲ್ಲಿ 'ಮಾಲ್ಗುಡಿ ಡೇಸ್' ತೆಗೆದಾಗ ಪ್ರತಿ ಕಂತೂ ಲಕ್ಷ್ಮಣ್ ಚಿತ್ರಗಳಿಂದಲೇ ತೆರೆದುಕೊಳ್ಳುತ್ತಿತ್ತು. ಎಲ್. ವೈದ್ಯನಾಥನ್ ಅವರ ಆ ಗುನುಗು, ಮೇಲೆ ಈ ಗೆರೆಗಳು. ಆಮೇಲೆ ಆಗುಂಬೆ. ಜಾನ್ ದೇವರಾಜ್ ಅಲ್ಲಿ ಊರನ್ನು ಕಟ್ಟಿ ನಿಲ್ಲಿಸಿದ್ದರು. ಗೆರೆ ಮುಗಿದು ಮನುಷ್ಯರು ಬರುವಲ್ಲಿ ಎಲ್ಲೂ ಎಡವಿದಂತೆ ಅನ್ನಿಸುವುದಿಲ್ಲ. ಮಾಸ್ಟರ್ ಮಂಜುನಾಥ್ ಚೀಲ ಹೊತ್ತು ಓಡಿಬಂದರೆ ಲಕ್ಷ್ಮಣ್ ಬರೆದ ಹುಡುಗನೇ ಕಾಗದದಿಂದ ಇಳಿದು ಬಂದ ಹಾಗಿತ್ತು. ಮತ್ತೆ, ಗಮನಿಸಿ, ಇಲ್ಲಿ ಟೈಟಲಿನಲ್ಲಿ ಅವರ ಹೆಸರಿತ್ತು. ಶಂಕರ್‌ನಾಗ್ ಬೇರೆ ಜಾತಿಯ ಮನುಷ್ಯ ಅಂತ ಸುಮ್ಮನೆ ಹೇಳೋದಲ್ಲ.

ಆ ಧಾರಾವಾಹಿಯ ರೈಲು ಬಂದು ನಿಲ್ಲುತ್ತಿದ್ದ ಸ್ಟೇಷನ್ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. 2020ರಲ್ಲಿ ಅಲ್ಲಿನ ಹಳೇ ಸ್ಟೇಷನ್ ಕಟ್ಟಡವನ್ನು ದುರಸ್ತಿ ಮಾಡಿ 'ಮಾಲ್ಗುಡಿ ಮ್ಯೂಸಿಯಂ' ಮಾಡಿದ್ದಾರೆ. ಇಲ್ಲದ ಊರಿಗೆ ಒಂದು ಸ್ಟೇಷನ್ ಸಿಕ್ಕಿತು!

ಇನ್ನು ನಿಮಗೊಂದು ಕೆಲಸ. ಮನೆಯ ಅಟ್ಟದಲ್ಲಿ ಹಳೇ 'ಚಂದಮಾಮ', ಹಳೇ ವಾರಪತ್ರಿಕೆಗಳ ಕಟ್ಟು ಇದ್ದರೆ ರದ್ದಿಗೆ ಹಾಕೋ ಮುಂಚೆ ಒಂದು ಸಲ ಬಿಚ್ಚಿ. ಕಥೆ ಓದದಿದ್ದರೂ ಚಿಂತೆಯಿಲ್ಲ. ಚಿತ್ರದ ಬಲಗಡೆ ಕೆಳಗೋ ಎಡಗಡೆ ಕೆಳಗೋ, ಹುಲ್ಲಿನ ಗೆರೆಗಳ ನಡುವೆ, ಇರುವೆಯಷ್ಟು ಸಣ್ಣ ಸಹಿ ಇರುತ್ತೆ. ಯಾರದು ಅಂತ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಬಂದ ಹೆಸರನ್ನೆಲ್ಲ ಈ ಪುಟದಲ್ಲಿ ಹಾಕೋಣ.